ಡಾಕ್ಟರು ತೆರೆಯದ ಫೈಲು

ರಿಪೇರಿ ರಾಣಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಸತ್ತ ಕಂಪ್ಯೂಟರು ಎದ್ದು ಕೂತು ನೀರು ಕೇಳುತ್ತಿತ್ತು. ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಇದ್ದರೆ ಸಾಸಿವೆಯಷ್ಟು ಇದ್ದೀತು.

ಬೀಗ ರಿಪೇರಿಯವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಅಂಗಡಿ ಎಷ್ಟು ಕಿರಿದೆಂದರೆ, ಒಳಗೆ ಬಂದ ಗಿರಾಕಿಗೆ ಆಕಳಿಕೆ ಬಂದರೆ ಕೈ ಚಾಚಲು ಬೀದಿಗೆ ಹೋಗಬೇಕಿತ್ತು. ಆದರೆ ಅವಳ ಹೆಸರು ಮಾತ್ರ ಆ ಬೀದಿಗಿಂತ ಅಗಲ. ಬೀದಿಯವರು ಬೆನ್ನ ಹಿಂದೆ 'ರಿಪೇರಿ ರಾಣಿ' ಎನ್ನುತ್ತಿದ್ದರು, ಎದುರಿಗೆ 'ಮೇಡಂ'. ಅವಳು ಗದರಿದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ತಾನಾಗಿ ಹೊರಬರುತ್ತಿತ್ತು ಎಂದು ಹೇಳುವವರೂ ಇದ್ದರು.

ಕೌಂಟರಿನಲ್ಲಿ ಅವಳ ದೊಡ್ಡಮ್ಮ. ರಸೀದಿ ಹರಿಯುವುದು, ಫೋನ್ ಎತ್ತುವುದು, ಅಂಗಡಿಗೆ ಬಂದ ಮೇಲ್‌ಗಳನ್ನೆಲ್ಲ ಪಕ್ಕದ ಅಂಗಡಿಗೂ ಕೇಳುವಂತೆ ಓದುವುದು, ಬಂದ ಗಂಡಸರಿಗೆ ಮದುವೆ ಆಗಿದೆಯೋ ಇಲ್ಲವೋ ಪತ್ತೆ ಹಚ್ಚುವುದು, ಇವೆಲ್ಲ ಅವರ ಇಲಾಖೆ.

ಹೀಗಿರುವಾಗ ಒಂದು ಬೆಳಿಗ್ಗೆ ಒಬ್ಬ ಉದ್ದನೆಯ ಮನುಷ್ಯ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಎದೆಗವುಚಿಕೊಂಡು ಓಡಿಬಂದ.

"ಮೇಡಂ, ಅರ್ಜೆಂಟು! ಬೆಳಗ್ಗೆಯಿಂದ ಮೈ ಕೆಂಡ ಆಗಿದೆ. ಗೊರಗೊರ ಅಂತ ಉಸಿರಾಡ್ತಿದೆ. ಸ್ವಲ್ಪ ಕೆಲಸ ಕೊಟ್ರೂ ಕಣ್ಣು ಮುಚ್ಚಿಬಿಡುತ್ತೆ!"

"ಅಯ್ಯೋ, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ಇಲ್ಲಿಗ್ಯಾಕಪ್ಪಾ ತಂದೆ?" ದೊಡ್ಡಮ್ಮ ಎದ್ದುನಿಂತರು.

ಆತ ಟವೆಲ್ ಸರಿಸಿದ. ಒಳಗೆ ಹಳೆಯದೊಂದು ಸಿಪಿಯು ಡಬ್ಬ.

ರಾಣಿ ಡಬ್ಬವನ್ನು ನೋಡಿದಳು, ಡಬ್ಬ ಹಿಡಿದ ಕೈಯನ್ನು ನೋಡಿದಳು, ಅಂಗಿಯ ಮೇಲೆ ಒಣಗಿದ್ದ ಕೆಸರಿನ ನಾಲ್ಕು ಪುಟ್ಟ ಹೆಜ್ಜೆಗಳನ್ನು ನೋಡಿದಳು.

"ಪ್ರಾಣಿಗಳ ಡಾಕ್ಟ್ರಾ?"

"ಹೌದು. ಹೇಗೆ ಗೊತ್ತಾಯ್ತು?"

"ಮನುಷ್ಯರ ಡಾಕ್ಟ್ರು ಪೇಶೆಂಟನ್ನ ಇಷ್ಟು ಪ್ರೀತಿಯಿಂದ ಎತ್ತಿಕೊಳ್ಳಲ್ಲ."

ಡಬ್ಬದ ಪಕ್ಕೆ ಬಿಚ್ಚಿದ್ದೇ ತಡ, ಅಂಗಡಿಯೆಲ್ಲ ಕೂದಲು ಹಾರಿತು. ಫ್ಯಾನಿನ ರೆಕ್ಕೆಗೆ ಬೆಕ್ಕಿನ ಕೂದಲು, ಅದರ ಹಿಂದೆ ನಾಯಿಯದು, ಮೂಲೆಯಲ್ಲಿ ಮೊಲದ್ದು. ತೆಗೆದಷ್ಟೂ ಬಂತು. ಮೇಜಿನ ಮೇಲೆ ರಾಶಿ ಹಾಕಿದಾಗ ಅದು ಎಷ್ಟಾಯಿತೆಂದರೆ, ಒಂದು ಬಾಲ ಅಂಟಿಸಿದ್ದರೆ ಇಳಿದು ಮನೆಗೆ ನಡೆದು ಹೋಗುತ್ತಿತ್ತು.

"ಇದನ್ನ ಕ್ಲೀನ್ ಮಾಡಿದ್ದು ಯಾವಾಗ?"

"ದಿನಾ ಒರೆಸ್ತೀನಲ್ಲ ಮೇಡಂ. ಹೊರಗಡೆ."

"ಮುಖ ತೊಳೆದ್ರೆ ಹೊಟ್ಟೆ ಕ್ಲೀನ್ ಆಗುತ್ತಾ ಡಾಕ್ಟ್ರೇ? ಬಿಸಿಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲ, ಪಾಪ ಬೆಂದುಹೋಗ್ತಿತ್ತು. ಬನ್ನಿ, ಟಾರ್ಚ್ ಹಿಡ್ಕೊಳ್ಳಿ."

ಡಾಕ್ಟರು ಟಾರ್ಚ್ ಹಿಡಿದರು. ಅವಳು ಒಂದೊಂದೇ ಸ್ಕ್ರೂ ಬಿಚ್ಚಿದಾಗಲೂ ಅವರು ಮೆಲ್ಲಗೆ, "ಆಯ್ತು ಪುಟ್ಟಾ, ಆಯ್ತು, ಇನ್ನೊಂಚೂರು" ಎನ್ನುತ್ತಿದ್ದರು. ರಾಣಿ ತಲೆಯೆತ್ತಿದಳು. ಅವರು ಮಾತಾಡುತ್ತಿದ್ದುದು ಕಂಪ್ಯೂಟರಿನ ಜತೆ.

"ಅದಕ್ಕೆ ನೋವಾಗಲ್ಲ."

"ಗೊತ್ತು. ಅಭ್ಯಾಸ." ಆಮೇಲೆ ಅವರು ಕಣ್ಣು ಕಿರಿದು ಮಾಡಿ ಅವಳ ಮುಖಕ್ಕೆ ಬಾಗಿದರು. "ಅಲ್ಲಾಡಬೇಡಿ. ನಿಮ್ಮ ಹುಬ್ಬಿನ ಮೇಲೆ ಮಿಮಿ ಕೂತಿದಾಳೆ."

ಮಿಮಿ ಎಂದರೆ ಕ್ಲಿನಿಕ್ಕಿನ ಬೆಕ್ಕು. ಅದರ ಒಂದು ಬಿಳಿ ಕೂದಲನ್ನು ಡಾಕ್ಟರು ಜೇಬಿನ ಚಿಮುಟದಿಂದ, ಉಸಿರು ಬಿಗಿಹಿಡಿದು, ಅವಳ ಬಲಹುಬ್ಬಿನಿಂದ ಎತ್ತಿದರು. ಇನ್ನೂರಿಪ್ಪತ್ತು ವೋಲ್ಟ್ ಹೊಡೆದರೂ 'ಥೂ' ಎಂದು ಕೈ ಒದರಿಕೊಂಡು ಕೆಲಸ ಮುಂದುವರಿಸುವ ಹೆಂಗಸು ರಾಣಿ. ಅವತ್ತು ಅವಳ ಕೈಯಿಂದ ಸ್ಕ್ರೂ ಜಾರಿತು. ಅದು ಉರುಳಿದ ಸದ್ದು ಬೀದಿಯ ಕೊನೆಗೂ ಕೇಳಿಸಿತಂತೆ. ದೊಡ್ಡಮ್ಮನಿಗಂತೂ ಕೇಳಿಸಿತು.

"ಮದುವೆ ಆಗಿದೆಯೇನಪ್ಪಾ ಡಾಕ್ಟ್ರೇ?" ಅವರು ಕೌಂಟರಿನಿಂದ ಕೇಳಿದರು.

"ಇಲ್ಲಮ್ಮಾ."

"ಹಾಗಾದ್ರೆ ರಸೀದಿ ಆಮೇಲೆ ಬರೀತೀನಿ, ಕೂತ್ಕೊ."

*

ಡಬ್ಬದ ಮೈ ಸರಿಹೋಯಿತು. ಇನ್ನು ಬುದ್ಧಿಯನ್ನು ನೋಡಬೇಕಿತ್ತು. ಅದಕ್ಕಾಗಿ ರಾಣಿ ಕ್ಲಿನಿಕ್ಕಿಗೆ ಹೋದಳು. ಹೋದವಳು ಬಾಗಿಲಲ್ಲೇ ನಿಂತಳು.

ಪರದೆಯ ಮೂಲೆಗೆ ಹಳದಿ ಚೀಟಿ ಅಂಟಿಸಿ ಪಾಸ್‌ವರ್ಡ್ ಬರೆದಿತ್ತು: ಬೆಕ್ಕಿನ ಹೆಸರು, ಮುಂದೆ ಒಂದು ಎರಡು ಮೂರು. ಅದು ಸಾಲದೆಂಬಂತೆ, ರೆಕ್ಕೆ ಮುರಿದು ಅಲ್ಲೇ ಉಳಿದಿದ್ದ ಗಿಣಿಯೊಂದು ಬಂದವರಿಗೆಲ್ಲ "ಮಿಮಿ ಒನ್ ಟೂ ತ್ರೀ! ಮಿಮಿ ಒನ್ ಟೂ ತ್ರೀ!" ಎಂದು ಸಾರುತ್ತಿತ್ತು. ಡಾಕ್ಟರಿಗೆ ಟೈಪ್ ಮಾಡುತ್ತ ಬಾಯಲ್ಲಿ ಹೇಳಿಕೊಳ್ಳುವ ಚಾಳಿ.

"ಬ್ಯಾಂಕಿಗೂ ಇದೇ ಪಾಸ್‌ವರ್ಡಾ?"

"ಎಲ್ಲಕ್ಕೂ ಇದೇ. ಮರೆಯಲ್ಲ ನೋಡಿ."

"ಮನೆ, ಕ್ಲಿನಿಕ್ಕು, ಬೀರು, ಎಲ್ಲಕ್ಕೂ ಒಂದೇ ಬೀಗದ ಕೈ ಮಾಡ್ಸಿ, ಅದನ್ನ ಗಿಣಿ ಕೊರಳಿಗೆ ಕಟ್ಟಿ ಬಿಟ್ಟಿದೀರ."

ಇನ್ನು ಅವರು ಒತ್ತದ ಗುಂಡಿಯೇ ಇರಲಿಲ್ಲ. 'ಅಭಿನಂದನೆ! ನೀವು ಹತ್ತು ಲಕ್ಷನೇ ಗಿರಾಕಿ!' ಎಂದರೆ ಒತ್ತಿದ್ದರು. 'ನಿಮ್ಮ ಕಂಪ್ಯೂಟರಿನಲ್ಲಿ ಸಾವಿರ ವೈರಸ್ ಇದೆ, ತಕ್ಷಣ ಇಲ್ಲಿ ಒತ್ತಿ' ಎಂದರೆ, ಪಾಪ ಅಷ್ಟು ಕಳಕಳಿಯಿಂದ ಹೇಳುತ್ತಿದ್ದಾರಲ್ಲ ಎಂದು ಒತ್ತಿದ್ದರು. ಯಾರೋ ರಾಜಕುಮಾರ ತನ್ನ ಆಸ್ತಿಯಲ್ಲಿ ಪಾಲು ಕೊಡುತ್ತೇನೆಂದು ಬರೆದದ್ದಕ್ಕೆ, 'ನನಗೆ ಬೇಡ, ಬೀದಿ ನಾಯಿಗಳಿಗೆ ಕೊಟ್ಟುಬಿಡಿ, ನಿಮ್ಮ ಆರೋಗ್ಯ ನೋಡಿಕೊಳ್ಳಿ' ಎಂದು ಉತ್ತರ ಹಾಕಿದ್ದರು.

ಅದನ್ನು ಓದಿದಾಗ ರಾಣಿಗೆ ಬೈಯಬೇಕೆನ್ನಿಸಿತು. ಬಾಯಿ ತೆರೆದಳು. ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಒಳಗೆ ನುಸುಳಿತು. ಯಾವ ಆ್ಯಂಟಿವೈರಸ್ಸೂ ಹಿಡಿಯಲಾಗದ ಜಾತಿಯದು.

ಪಾಠ ಶುರುವಾಯಿತು.

"ಅಪ್‌ಡೇಟ್ ಕೇಳಿದಾಗ 'ನಾಳೆ' ಅನ್ನಬೇಡಿ."

"ನಾಯಿಮರಿಗೆ ಬೂಸ್ಟರ್ ಕೊಡ್ಸಿ ಅಂದ್ರೆ ಜನ ನಾಳೆ ಅಂತಾರಲ್ಲ, ಹಾಗೆ."

"ಹಾಗೇ. ವಾರಕ್ಕೊಂದು ಸಲ ಎಲ್ಲಾ ಫೈಲನ್ನ ಈ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ವೈರ್ ಕಿತ್ತು ಬೀರುಲಿಡಿ. ಪಾಸ್‌ವರ್ಡ್ ಉದ್ದ ಇರ್ಲಿ, ಒಂದೊಂದಕ್ಕೆ ಒಂದೊಂದು. ಬಾಯಲ್ಲಿ ಹೇಳ್ಬೇಡಿ. ಗಿಣಿ ಮುಂದೆ ಅಂತೂ ತುಟಿ ಕೂಡ ಅಲ್ಲಾಡಿಸ್ಬೇಡಿ."

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ದೊಡ್ಡ ಪಾಠ ಹೇಳಿದಳು. ಹೇಳುವಾಗ ಬೆರಳೆತ್ತಿದಳು. ಡಾಕ್ಟರು ಬೆರಳನ್ನು ಬಿಟ್ಟು ಬೆರಳಿನವಳನ್ನು ನೋಡುತ್ತಿದ್ದರು.

"ಇಲ್ಲಿ ಕೇಳಿ. ಗೊತ್ತಿಲ್ಲದ ವಿಳಾಸದಿಂದ ಬಂದಿದ್ದು, ಬೇಗ ಬೇಗ ಅಂತ ಅವಸರ ಮಾಡಿದ್ದು, ಯಾರಿಗೂ ತೋರಿಸಬೇಡಿ ಅಂದಿದ್ದು, ಜತೇಲಿ ಫೈಲು ಇಟ್ಟಿದ್ದು, ಯಾವುದನ್ನೂ ತೆರೀಬೇಡಿ. ಅದರಲ್ಲೂ ಇನ್‌ವಾಯ್ಸ್ ಅಂತ ಹೆಸರಿಟ್ಟ ಫೈಲನ್ನಂತೂ ಮುಟ್ಟಲೇಬೇಡಿ. ಪ್ರಪಂಚದ ಅರ್ಧ ವೈರಸ್ಸು ಆ ಹೆಸರಲ್ಲೇ ತಿರುಗೋದು. ಪರಿಚಯದವರ ಹೆಸರಿದ್ರೂ ನಂಬಬೇಡಿ. ನಿಮಗೇನು ತುಂಬ ಬೇಕೋ ಅದನ್ನೇ ಅವರು ಗಾಳಕ್ಕೆ ಸಿಕ್ಕಿಸಿರ್ತಾರೆ."

"ನಿಜವಾಗ್ಲೂ ಅವರೇ ಕಳಿಸಿದ್ರೆ?"

"ಎದುರಿಗೆ ಹೋಗಿ, ಅವರ ಬಾಯಿಂದಲೇ ಕೇಳಿ."

ಡಾಕ್ಟರು ತಲೆಯಾಡಿಸಿದರು. ಇಷ್ಟು ವಿಧೇಯ ವಿದ್ಯಾರ್ಥಿ ಭೂಮಿಯ ಮೇಲೆ ಹಿಂದೆ ಹುಟ್ಟಿರಲಿಲ್ಲ.

*

ಫ್ಯಾನಿನ ಧೂಳು ಆರು ತಿಂಗಳಿಗೊಮ್ಮೆ ತೆಗೆದರೆ ಸಾಕು ಎನ್ನುವುದು ರಾಣಿಯೇ ಊರಿಗೆಲ್ಲ ಹೇಳುವ ಮಾತು. ಆ ಕ್ಲಿನಿಕ್ಕಿನ ಫ್ಯಾನಿಗೆ ಮಾತ್ರ ವಾರಕ್ಕೊಮ್ಮೆ ಬೇಕಾಯಿತು. ಕೆಲವು ವಾರ ಎರಡು ಸಲ.

"ಮೌಸ್ ನೋಡೋಕೆ ಹೋಗ್ಬೇಕು ದೊಡ್ಡಮ್ಮ."

"ಮೊನ್ನೆ ತಾನೇ ಹೊಸ ಮೌಸ್ ಹಾಕಿ ಬಂದ್ಯಲ್ಲೇ?"

"ಅದು ಹೊಂದ್ಕೊಂಡಿದೆಯಾ ನೋಡ್ಬೇಕು."

"ನೋಡು, ನೋಡು. ಅಲ್ಲಿ ಬೆಕ್ಕು ಬೇರೆ ಇದೆ, ಪಾಪ ಮೌಸಿಗೆ ಭಯ ಆಗಿರುತ್ತೆ."

ಹೀಗೆ ದಿನಗಳು ಬೆಣ್ಣೆಯಂತೆ ಜಾರುತ್ತಿದ್ದಾಗ, ಒಂದು ಬುಧವಾರ, ರಾಣಿ ಅಪ್‌ಡೇಟ್ ಹಾಕಿ ಕಾಯುತ್ತ ಕೂತಿದ್ದಳು. ಪರದೆಯ ಮೇಲೆ ನೀಲಿ ಗೆರೆ ತೆವಳುತ್ತಿತ್ತು. ಡಾಕ್ಟರು ಮೊಲವೊಂದರ ಕಿವಿ ಒರೆಸುತ್ತ, ಅವಳ ಮುಖ ನೋಡದೆ ಹೇಳಿದರು:

"ಸಮುದ್ರದ ಮಧ್ಯೆ ಒಂದು ದ್ವೀಪ ಇದೆಯಂತೆ. ಗಾಯ ಆದ ಕಡಲಹಕ್ಕಿಗಳಿಗೆ ಆಸ್ಪತ್ರೆ ಮಾಡಿದಾರೆ. ನನ್ನ ಕರೀತಿದಾರೆ. ಹೋದ್ರೆ ಅಲ್ಲೇ ಇರಬೇಕು. ಶನಿವಾರ ಮಧ್ಯಾಹ್ನ ಫೋನ್ ಮಾಡ್ತಾರೆ, ಹೂಂ ಅಥವಾ ಉಹೂಂ ಹೇಳ್ಬೇಕು."

ರಾಣಿ ಮೌಸನ್ನು ಸುಮ್ಮನೆ ಎರಡು ಸಲ ಒತ್ತಿದಳು.

"ಹೋಗ್ತೀರಾ?"

"ಹೋಗ್ಬೇಡ ಅನ್ನೋಕೆ ಇಲ್ಲಿ ಯಾರಾದ್ರೂ ಇದ್ರೆ..." ಎಂದು ಡಾಕ್ಟರು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದರು. ಮೊಲವೂ ನೋಡಿತು. ಗಿಣಿಯೂ ಕತ್ತು ಓರೆ ಮಾಡಿ ನೋಡಿತು.

ಹೇಳಬೇಕಾದ ಮಾತು ರಾಣಿಯ ನಾಲಿಗೆಯ ತುದಿಗೆ ಬಂತು, ಅಲ್ಲಿ ನಿಂತು ಕೆಳಗೆ ನೋಡಿತು, ಹೆದರಿ ಹಿಂದಕ್ಕೆ ಓಡಿತು.

"ರೀಸ್ಟಾರ್ಟ್ ಮಾಡ್ಬೇಕು," ಎಂದಳು ಅವಳು.

*

ಬಾಯಿಗೆ ಬಾರದ್ದು ಬೆರಳಿಗೆ ಬಂದೀತು ಎಂದು ಮರುದಿನ ಅವಳು ಬರೆಯಲು ಕೂತಳು. ಬರೆದಳು, ಅಳಿಸಿದಳು, ಕೀಬೋರ್ಡಿನಿಂದ ಹೊಗೆ ಬರುವಷ್ಟು ಬರೆದಳು. ಕೊನೆಗೆ ಒಂದು ಪುಟ ಉಳಿಯಿತು.

ಕಳಿಸುವುದು ಹೇಗೆ? ಅಂಗಡಿಯ ವಿಳಾಸದಿಂದ ಕಳಿಸಿದರೆ ದೊಡ್ಡಮ್ಮ ಓದುತ್ತಾರೆ; ದೊಡ್ಡಮ್ಮ ಓದಿದರೆ ಬೀದಿ ಕೇಳುತ್ತದೆ. ಹಾಗಾಗಿ ಯಾರಿಗೂ ಗೊತ್ತಿಲ್ಲದ ಹೊಸ ವಿಳಾಸವೊಂದನ್ನು ತೆರೆದಳು. ಕ್ಲಿನಿಕ್ಕಿನಲ್ಲಿ ಬೇರೆ ಯಾರಾದರೂ ಪರದೆ ಇಣುಕಿದರೆ? ಹಾಗಾಗಿ ಪುಟವನ್ನು ಫೈಲು ಮಾಡಿ ಜತೆಗಿಟ್ಟು, ಯಾರಿಗೂ ಕುತೂಹಲ ಹುಟ್ಟಿಸದ ಒಂದು ಒಣ ಹೆಸರು ಕೊಟ್ಟಳು: ಇನ್‌ವಾಯ್ಸ್. ಶನಿವಾರ ಹತ್ತಿರ ಬಂದಿತ್ತು. ಹಾಗಾಗಿ ಮೇಲೆ 'ತುರ್ತು' ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದದ್ದು ಹೀಗೆ. ಬೀಳುವಾಗ ಅದಕ್ಕೆ ಒಂದಿಷ್ಟೂ ಗೊತ್ತಾಗಲಿಲ್ಲ. ಪ್ರೇಮ ಎನ್ನುವುದು ಎಂಥ ಪರಿಣತರ ತಲೆಯನ್ನೂ ಖಾಲಿ ಮಾಡಿ ಫಾರ್ಮ್ಯಾಟ್ ಮಾಡಿಬಿಡುತ್ತದೆ.

ಕಳಿಸುವ ಗುಂಡಿ ಒತ್ತಿ, ಅವಳು ಒಂದು ಲೋಟ ನೀರು ಕುಡಿದಳು. ಒಂದು ಗಂಟೆ ಬಿಟ್ಟು ಇನ್ನೊಂದು. ಮೂರನೆಯದು ತುಟಿಗಿಡುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು. ಓಡಿಬಂದಿದ್ದರು. ಕೂದಲು ಕೆದರಿತ್ತು, ಕಣ್ಣು ಹೊಳೆಯುತ್ತಿತ್ತು. ರಾಣಿಯ ಎದೆ ಡೊಳ್ಳಿನಂತೆ ಬಡಿದುಕೊಂಡಿದ್ದಕ್ಕೆ ಪಕ್ಕದ ಅಂಗಡಿಯ ಕನ್ನಡಕಗಳು ಗಲಗಲ ಅಂದವು.

"ಮೇಡಂ! ನಿಮ್ಮ ಮೇಲ್ ಬಂತು!"

"ಬಂತಾ," ಎಂದಳು ರಾಣಿ, ಇಲಿಯ ದನಿಯಲ್ಲಿ.

"ನಿಮ್ಮ ಹೆಸರಲ್ಲಿ ಬಂತು. ಯಾರೋ ಕಳ್ಳ! ನಿಮ್ಮ ವೇಷ ಹಾಕ್ಕೊಂಡು ಮೋಸ ಮಾಡೋಕೆ ನೋಡ್ತಿದಾನೆ!"

ಅಂಗಡಿಯಲ್ಲಿ ಆಗ ದೊಡ್ಡಮ್ಮ ಇದ್ದರು, ಲ್ಯಾಪ್‌ಟಾಪ್ ಕೊಡಲು ಬಂದ ಶಾಲೆಯ ಮೇಷ್ಟ್ರು ಇದ್ದರು, ಚಿಲ್ಲರೆ ಕೇಳಲು ಬಂದ ಬೀಗದವನಿದ್ದ. ಮೂವರ ಕಿವಿಯೂ ಒಟ್ಟಿಗೆ ನೆಟ್ಟಗಾಯಿತು.

"ಕೇಳಿ, ಕೇಳಿ," ಎಂದು ಡಾಕ್ಟರು ಫೋನ್ ತೆಗೆದು ಓದಿದರು. "'ತುರ್ತು. ನಿಮಗೊಂದು ವಿಷಯ ಹೇಳಬೇಕಾಗಿದೆ. ಇದರಿಂದ ನಿಮ್ಮ ಬದುಕೇ ಬದಲಾಗಬಹುದು. ದಯವಿಟ್ಟು ಶನಿವಾರದೊಳಗೆ ಜತೆಗಿರುವ ಫೈಲನ್ನು ತೆರೆಯಿರಿ. ಬೇರೆ ಯಾರಿಗೂ ತೋರಿಸಬೇಡಿ.' ಫೈಲಿನ ಹೆಸರು ಏನು ಹೇಳಿ? ಇನ್‌ವಾಯ್ಸ್!"

"ಥೂ ಕಳ್ಳನನ್ಮಗ," ಎಂದ ಬೀಗದವನು.

"ಒಂದಾದ್ರೂ ಬಿಟ್ಟಿದಾನಾ ನೋಡಿ! ಹೊಸ ವಿಳಾಸ, ಅವಸರ, ಗುಟ್ಟು, ಫೈಲು. ನೀವು ಹೇಳಿದ್ದೆಲ್ಲ ಪಾಠದ ಥರ ಇದೆ. ಮುಟ್ಲಿಲ್ಲ ಮೇಡಂ. ಒಂದು ಬೆರಳೂ ತಾಕಿಸ್ಲಿಲ್ಲ. ಆ ವಿಳಾಸಕ್ಕೆ ಬೇಲಿ ಹಾಕ್ದೆ. ಪಾಸ್‌ವರ್ಡ್ ಎಲ್ಲಾ ಬದಲಾಯಿಸ್ದೆ. ಗಿಣಿನ ಆಚೆ ಕಳಿಸಿ ಬದಲಾಯಿಸ್ದೆ. ಈಗ ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ. ನೀವು ಕಳಿಸಿದ್ದಲ್ಲ ತಾನೆ?"

ಮೂರು ಜೊತೆ ಕಣ್ಣು ಅವಳ ಮೇಲಿತ್ತು, ಡಾಕ್ಟರದೂ ಸೇರಿದರೆ ನಾಲ್ಕು. ಆ ನಾಲ್ಕನೆಯ ಜೊತೆಯಲ್ಲಿ ಏನೋ ಒಂದು ಮಿಣುಕು ಇತ್ತು. ಅದನ್ನು ನೋಡುವಷ್ಟು ಹೊತ್ತು ಅವಳು ಅವರನ್ನು ನೋಡಲಿಲ್ಲ.

"ನಾನಾ? ಛೆ! ನಾನ್ಯಾಕೆ..." ಎಂದಳು. "ಶಭಾಷ್ ಡಾಕ್ಟ್ರೇ. ಅಳಿಸಿಬಿಡಿ."

ಡಾಕ್ಟರು ಅಳಿಸಿದರು. ಅಳಿಸುವಾಗ ಅವರ ಬೆರಳು ಒಂದರೆಗಳಿಗೆ ತಡೆಯಿತು.

"ಕಸದ ಬುಟ್ಟಿಯಿಂದಲೂ," ಎಂದಳು ರಾಣಿ, ಒಳಗೊಳಗೇ ಗೋಳೋ ಎಂದು ಅಳುತ್ತ.

"ಆಯ್ತು. ಇನ್ನೊಂದು ಮಾಡಿದೀನಿ. ನಿಮ್ಮ ಹೆಸರಲ್ಲಿ ಬೇರೆಯವರಿಗೆ ಮೋಸ ಆಗಬಾರ್ದಲ್ಲ? ನನ್ನ ಗಿರಾಕಿಗಳಿಗೆಲ್ಲ ಸಂದೇಶ ಕಳಿಸ್ಬಿಟ್ಟೆ, 'ರಿಪೇರಿ ಮೇಡಂ ಹೆಸರು ಕಳ್ಳರ ಕೈಗೆ ಸಿಕ್ಕಿದೆ, ಎಚ್ಚರ' ಅಂತ."

"ಎಷ್ಟು ಜನಕ್ಕೆ?"

"ನಾಯಿಯವರು, ಬೆಕ್ಕಿನವರು, ಮೊಲದವರು... ಒಂದು ನಾನೂರು ಆಗಬಹುದು. ಆಮೆಯವರು ಬೇರೆ."

*

ಅವತ್ತು ಮಧ್ಯಾಹ್ನದಿಂದ ಅಂಗಡಿಯ ಫೋನು ಬಾಯಿ ಮುಚ್ಚಲಿಲ್ಲ. "ನಿಮ್ಮಲ್ಲೇ ಕನ್ನ ಬಿತ್ತಂತೆ?" "ನನ್ನ ಕಂಪ್ಯೂಟರ್ ನಿಮ್ಮ ಹತ್ರ ಬಿಟ್ಟಿದೀನಿ, ವಾಪಸ್ ಕೊಡಿ." ಮೇಷ್ಟ್ರು ತಾವು ಕೊಟ್ಟ ಲ್ಯಾಪ್‌ಟಾಪನ್ನು ಆಗಲೇ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಹೋಗಿದ್ದರು. ಬೀಗದವನು ಬಂದು, "ನನ್ನ ಅಂಗಡಿ ಪಕ್ಕದಲ್ಲೇ ಕಳ್ಳತನ ಆದ್ರೆ ನನ್ನ ಮರ್ಯಾದೆ ಏನಾಗ್ಬೇಕು ಮೇಡಂ?" ಎಂದು ಗೋಳಾಡಿದ.

ಅಂಗಡಿಯ ಹೆಸರು ಹೋದದ್ದು ರಾಣಿಯ ಕಿವಿಗೇ ಬೀಳಲಿಲ್ಲ. ಅವಳಿಗೆ ಕೇಳುತ್ತಿದ್ದುದು ಒಂದೇ: ಶನಿವಾರ ಮಧ್ಯಾಹ್ನದ ಫೋನು, ಅದರ ಹಿಂದೆಯೇ ದ್ವೀಪಕ್ಕೆ ಹೊರಟ ಹಡಗಿನ ಸಿಳ್ಳು.

ಶನಿವಾರ ಬೆಳಿಗ್ಗೆ ದೊಡ್ಡಮ್ಮ ಫೋನಿನ ವೈರ್ ಕಿತ್ತಿಟ್ಟರು.

"ಕಳ್ಳ ಸಿಕ್ಕಿದ."

"ಎಲ್ಲಿ?"

"ನನ್ನೆದುರಿಗೇ ಕೂತಿದಾಳೆ. ಖಾಲಿ ಪೆನ್‌ಡ್ರೈವನ್ನ ಬೆಳಗ್ಗೆಯಿಂದ ಒರೆಸ್ತಾನೇ ಇದಾಳೆ."

ರಾಣಿ ಒರೆಸುವುದನ್ನು ನಿಲ್ಲಿಸಿದಳು. "ನಿಮಗ್ಯಾವಾಗ ಗೊತ್ತಾಯ್ತು?"

"ಸ್ಕ್ರೂ ಬಿತ್ತಲ್ಲ, ಆವತ್ತೇ. ಹೋಗು, ಹೋಗಿ ಬಾಯಲ್ಲಿ ಹೇಳು."

"ಬಾಯಿ ಬರಲ್ಲ ದೊಡ್ಡಮ್ಮ."

"ಗಿರಾಕಿಗಳಿಗೆ ಬೈಯೋವಾಗ ಧಾರಾಳವಾಗಿ ಬರುತ್ತಲ್ಲ?"

"ಅದು ಬೇರೆ ಬಾಯಿ."

"ನಿಂಗಿರೋದು ಒಂದೇ ಕಣೇ. ಅದನ್ನೇ ತಗೊಂಡು ಹೋಗು. ಅವನು ಉಹೂಂ ಅಂದ್ರೆ ವಾಪಸ್ ಬಾ, ಇಬ್ಬರೂ ಕೂತು ಅಳೋಣ. ಕೇಳದೇ ಬಂದ್ರೆ ಮಾತ್ರ ಬಾಗಿಲು ತೆಗೆಯಲ್ಲ."

*

ಕ್ಲಿನಿಕ್ಕಿನ ಹೊರಕೋಣೆ ತುಂಬಿ ತುಳುಕುತ್ತಿತ್ತು. ಗಾಯ ನೆಕ್ಕದಂತೆ ಕತ್ತಿಗೆ ಲಾಳಿಕೆ ಕಟ್ಟಿಕೊಂಡ ನಾಯಿ, ಚೀಲದೊಳಗಿನಿಂದ ಶಾಪ ಹಾಕುವ ಬೆಕ್ಕು, ತಟ್ಟೆಯ ಮೇಲೆ ಆಮೆ, ಅವುಗಳ ಯಜಮಾನರು. ಬಾಗಿಲಲ್ಲಿ ರಾಣಿಯನ್ನು ಕಂಡು ಎಲ್ಲರೂ ತಂತಮ್ಮ ಫೋನುಗಳನ್ನು ಜೇಬಿನ ಒಳಕ್ಕೆ ತಳ್ಳಿಕೊಂಡರು.

ಒಳಗೆ ಡಾಕ್ಟರು ಒಂದು ನಾಯಿಯ ಉಗುರು ಕತ್ತರಿಸುತ್ತಿದ್ದರು. ನಾಯಿ ಎಂದರೆ ನಾಯಿಯಲ್ಲ, ಕಾಲು ಮೂಡಿದ ಸೋಫಾ.

"ದೇವರು ಬಂದ ಹಾಗೆ ಬಂದ್ರಿ ಮೇಡಂ! ಇದರ ಯಜಮಾನರಿಗೆ ಸೊಂಟ ನೋವು. ಸ್ವಲ್ಪ ತಬ್ಬಿ ಹಿಡ್ಕೊಳ್ಳಿ."

ರಾಣಿ ತಬ್ಬಿ ಹಿಡಿದಳು. ಗೋಡೆಯ ಗಡಿಯಾರ ನೋಡಿದಳು. ಮೇಜಿನ ಮೇಲೆ ಮಲಗಿದ್ದ ಡಾಕ್ಟರ ಫೋನ್ ನೋಡಿದಳು. ನಾಯಿ ಅವಳ ಮುಖವನ್ನು ಗದ್ದದಿಂದ ಹಣೆಯವರೆಗೆ ಒಂದೇ ಏಟಿಗೆ ನೆಕ್ಕಿತು. ಇದಕ್ಕಿಂತ ಹೆಚ್ಚು ಮಾನ ಹೋಗುವುದು ಸಾಧ್ಯವಿಲ್ಲ ಎಂದು ಖಾತ್ರಿಯಾದ ಮೇಲೆ ಅವಳಿಗೆ ಧೈರ್ಯ ಬಂತು.

"ಆ ಮೇಲ್ ಕಳಿಸಿದ್ದು ನಾನೇ."

ಕಟ್, ಎಂದು ಒಂದು ಉಗುರು ಬಿತ್ತು. "ಹಾಂ, ಆಮೇಲೆ ಹೊಳೀತು," ಎಂದರು ಡಾಕ್ಟರು. "ಪರೀಕ್ಷೆ ತಾನೆ? ವಿದ್ಯಾರ್ಥಿ ಬಲೆಗೆ ಬೀಳ್ತಾನಾ ಅಂತ? ಪಾಸಾದ್ನಾ?"

"ಪರೀಕ್ಷೆ ಅಲ್ಲ!"

"ಇದು ಎರಡನೇ ಪೇಪರ್ ಇರಬೇಕು. ನಾನು ಬೀಳಲ್ಲ ಮೇಡಂ."

"ಡಾಕ್ಟ್ರೇ!" ರಾಣಿ ಕೂಗಿದ ರಭಸಕ್ಕೆ ಹೊರಗಿನ ಆಮೆ ತಲೆ ಒಳಗೆಳೆದುಕೊಂಡಿತು. "ಅನುಮಾನ ಬಂದ್ರೆ ಎದುರಿಗೆ ನಿಂತು ಬಾಯಿಂದ ಕೇಳಿ ಅಂದಿದ್ದೆ. ಎದುರಿಗಿದೀನಿ. ಕೇಳಿ!"

ಡಾಕ್ಟರು ಕತ್ತರಿ ಕೆಳಗಿಟ್ಟರು. ಅವಳ ಮುಖ ನೋಡಿದರು. ಅಲ್ಲಿ ಮೋಸದ ಒಂದು ಗುರುತಾದರೂ ಸಿಗಲಿ ಎಂದು ಹುಡುಕುವವರಂತೆ, ಸಿಗದಿರಲಿ ಎಂದು ಹರಕೆ ಹೊತ್ತವರಂತೆ ನೋಡಿದರು.

"ಆ ಫೈಲಲ್ಲಿ ಏನಿತ್ತು?"

ಹೊರಕೋಣೆಯಲ್ಲಿ ಒಂದು ಬಾಲವೂ ಅಲ್ಲಾಡಲಿಲ್ಲ.

"'ಡಾಕ್ಟ್ರೇ,'" ರಾಣಿ ನಾಯಿಯ ಕಿವಿಯ ಹಿಂದೆ ಮುಖ ಅರ್ಧ ಮುಚ್ಚಿಕೊಂಡು ಶುರುಮಾಡಿದಳು. "'ನಿಮ್ಮ ಕಂಪ್ಯೂಟರಿಗೆ ಯಾವ ಕಾಯಿಲೆನೂ ಇಲ್ಲ. ಬಹಳ ದಿನದಿಂದ ಇಲ್ಲ. ನಾನು ಬಂದಾಗಲೆಲ್ಲ ಒಂದು ಸ್ಕ್ರೂ ಬಿಚ್ಚಿ, ಅದೇ ಸ್ಕ್ರೂ ಹಾಕಿ ಹೋಗ್ತಿದ್ದೆ. ನೀವು ಟಾರ್ಚ್ ಹಿಡಿದಾಗ ಬೆಳಕು ಮೆಷಿನ್ ಮೇಲೆ ಬೀಳ್ಬೇಕು. ನಿಮ್ಮದು ಯಾವಾಗ್ಲೂ ನನ್ನ ಕೈ ಮೇಲೆ ಬೀಳುತ್ತೆ. ಸರಿಯಾಗಿ ಹಿಡೀರಿ ಅಂತ ನಾನು ಒಂದು ದಿನಾನೂ ಹೇಳಿಲ್ಲ. ಹೆದರಿದ ಪ್ರಾಣಿಗೆ ನೀವು ಆಯ್ತು ಪುಟ್ಟಾ ಅಂತೀರಲ್ಲ, ಅದನ್ನ ಕೇಳೋದಕ್ಕೆ ನನಗೂ ಆಗಾಗ ಒಂಚೂರು ಹೆದರಿಕೆ ಆಗಬಾರ್ದಾ ಅನ್ಸುತ್ತೆ. ಆ ದ್ವೀಪದ ಹಕ್ಕಿಗಳಿಗೆ ಒಬ್ಬ ಡಾಕ್ಟ್ರು ಬೇಕು, ಒಪ್ತೀನಿ. ನನಗೂ ಬೇಕು.'"

ಅವಳು ಉಸಿರು ತೆಗೆದುಕೊಂಡಳು. "ಅಷ್ಟೇ. ಇನ್‌ವಾಯ್ಸ್ ಮುಗೀತು."

ಡಾಕ್ಟರು ಕೈಗವಸು ತೆಗೆಯಲು ಹೋದರು. ಒಂದು ಬಂತು, ಇನ್ನೊಂದು ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಅದು ಹಾಗೇ ನೇತಾಡುತ್ತಿರಲು ಅವರು ಹೇಳಿದರು:

"ಅದು ಮೋಸಾನೇ ಅಂತ ನನಗೆ ಯಾಕೆ ಗ್ಯಾರಂಟಿ ಆಯ್ತು ಗೊತ್ತಾ? ಹೊಸ ವಿಳಾಸ ನೋಡಿ ಅಲ್ಲ. ಅವಸರ ನೋಡಿ ಅಲ್ಲ. ನಿಮ್ಮ ಹೆಸರು ಕಂಡ ತಕ್ಷಣ ಬೆರಳು ತಾನಾಗೇ ಆ ಫೈಲಿಗೆ ಓಡ್ತು. ನಮಗೇನು ತುಂಬ ಬೇಕೋ ಅದನ್ನೇ ಗಾಳಕ್ಕೆ ಸಿಕ್ಕಿಸ್ತಾರೆ ಅಂದಿದ್ರಿ. ನನಗೆ ತುಂಬ ಬೇಕಾಗಿದ್ದು ಅದೊಂದೇ. ಇದು ನಿಜ ಆಗಿರೋಕೆ ಸಾಧ್ಯಾನೇ ಇಲ್ಲ ಅಂದ್ಕೊಂಡೆ. ಆದ್ರೂ ಓಡಿಬಂದು ಕೇಳ್ದೆ. ನೀವು ಛೆ ಅಂದ್ರಿ."

"ಮೂರು ಜನ ನೋಡ್ತಿದ್ರು!"

"ಈಗ?"

ರಾಣಿ ತಿರುಗಿ ನೋಡಿದಳು. ಬಾಗಿಲ ಚೌಕಟ್ಟಿನ ತುಂಬ ಮೇಲಿಂದ ಕೆಳಗೆ ತಲೆಗಳು: ಮನುಷ್ಯರವು, ಅದರ ಕೆಳಗೆ ನಾಯಿಯವು, ತೀರ ತಳದಲ್ಲಿ ಮಿಮಿ.

ಮೇಜಿನ ಮೇಲೆ ಫೋನ್ ನಡುಗತೊಡಗಿತು. ಡಾಕ್ಟರು ಗವಸು ನೇತಾಡುವ ಕೈಯಲ್ಲೇ ಅದನ್ನೆತ್ತಿದರು. ಇನ್ನೊಂದು ಕೈ ನಾಯಿಯ ಬೆನ್ನ ಮೇಲೆ ಹರಿದು, ತುಪ್ಪಳದೊಳಗೆ ಅಡಗಿದ್ದ ರಾಣಿಯ ಬೆರಳುಗಳನ್ನು ಹುಡುಕಿ ಹಿಡಿಯಿತು.

"ನಮಸ್ಕಾರ ಸರ್. ಕ್ಷಮಿಸಿ, ಬರೋಕಾಗಲ್ಲ. ಇಲ್ಲಿ ಒಂದು ಕೇಸ್ ಇದೆ... ಇಲ್ಲ ಸರ್, ಬೇಗ ವಾಸಿ ಆಗೋ ಥರದ್ದಲ್ಲ... ಎಷ್ಟು ದಿನ ಅಂದ್ರೆ..." ಅವರು ರಾಣಿಯ ಕಡೆ ನೋಡಿದರು. "ಜೀವಮಾನದ್ದೇ ಅನ್ಸುತ್ತೆ. ನನ್ನ ಸ್ನೇಹಿತನೊಬ್ಬ ಇದಾನೆ, ಹಕ್ಕಿ ಅಂದ್ರೆ ಪ್ರಾಣ ಬಿಡ್ತಾನೆ. ಅವನ ನಂಬರ್ ಕಳಿಸ್ತೀನಿ."

ಫೋನ್ ಇಟ್ಟರು. ಆಮೇಲೆ ಸೊಂಟ ನೋವಿನ ಯಜಮಾನರು ಗಂಟಲು ಸರಿಮಾಡಿಕೊಂಡರು.

"ಶುಭಾಶಯ ಡಾಕ್ಟ್ರೇ. ಹಿಂಗಾಲು ಎರಡೂ ಬಾಕಿ ಇದೆ."

*

ಗಿರಾಕಿಗಳೆಲ್ಲ ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕಂಪ್ಯೂಟರಿನ ಮುಂದೆ ಕೂತರು. ಭುಜಕ್ಕೆ ಭುಜ ತಾಗಿತ್ತು. ಇಬ್ಬರ ಮೈಯ ಬಿಸಿಗೆ ಫ್ಯಾನು ಜೋರಾಗಿ ತಿರುಗಿತೆಂದು ಹೇಳಿದರೆ ನಂಬುವವರು ನಂಬಲಿ.

"ಮೊದಲು ನನ್ನ ಅಂಗಡಿ ಮಾನ ವಾಪಸ್ ಕೊಡಿ," ಎಂದಳು ರಾಣಿ. "ಆ ನಾನೂರು ಜನಕ್ಕೂ ಬರೀರಿ. ಆಮೆಯವರಿಗೂ."

ಡಾಕ್ಟರು ಎರಡು ಬೆರಳಿನಲ್ಲಿ ಟೈಪ್ ಮಾಡಿದರು, ಅಭ್ಯಾಸದಂತೆ ಬಾಯಲ್ಲಿ ಹೇಳಿಕೊಳ್ಳುತ್ತ: "'ಎಲ್ಲರಿಗೂ ನಮಸ್ಕಾರ. ಮೊನ್ನೆ ನಾನು ಕಳಿಸಿದ ಎಚ್ಚರಿಕೆ ತಪ್ಪು. ರಿಪೇರಿ ಮೇಡಂ ಅವರ ಹೆಸರು ಯಾರ ಕೈಗೂ ಸಿಕ್ಕಿಲ್ಲ. ಆ ಸಂದೇಶ ಅವರೇ ಕಳಿಸಿದ್ದು, ನೂರಕ್ಕೆ ನೂರು ಅಸಲಿ.' ಸಾಕಾ?"

"ಇಷ್ಟಕ್ಕೇ ನಿಲ್ಲಿಸಿದ್ರೆ ನಾನೂರು ಜನಾನೂ ನನ್ನ ಫೈಲು ಯಾವಾಗ ಬರುತ್ತೆ ಅಂತ ಕಾಯ್ತಾ ಕೂರ್ತಾರೆ."

ಡಾಕ್ಟರು ಯೋಚಿಸಿದರು. ಗಂಭೀರವಾಗಿ ಇನ್ನೊಂದು ಸಾಲು ಸೇರಿಸಿದರು:

"'ಅದು ನನಗೆ ಮಾತ್ರ. ದಯವಿಟ್ಟು ಬೇರೆ ಯಾರೂ ಕಾಯಬೇಡಿ.'"

ರಾಣಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಅವರ ಕೈಯನ್ನು ಪಕ್ಕಕ್ಕೆ ಸರಿಸಿ, ಕಳಿಸುವ ಗುಂಡಿಯನ್ನು ತಾನೇ ಒತ್ತಿದಳು.